ಕಾಣದ ಕೊರತೆಯನ್ನು ಹೇಳಬೇಕಾದವರು ಯಾರು?

ಮಾಲೂರಿನಲ್ಲಿರುವ ನನ್ನ ತಂಗಿಯ ಮಗನಿಗೆ ಈಗ ಹದಿಮೂರು ವರ್ಷ. ಕ್ರಿಕೆಟ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಕೂಡಿಡುವುದು ಅವನ ಹುಚ್ಚು. ನಾವೂ ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನು, ಅಂಚೆಚೀಟಿಗಳನ್ನು ಕೂಡಿಡುತ್ತಿದ್ದೆವಲ್ಲ, ಅಂಥದೇ. ಆದರೆ ನಾವು ಬೀದಿಯ ಜಗಲಿಯ ಮೇಲೆ ಎದುರೆದುರು ಕುಳಿತು ಬದಲಾಯಿಸಿಕೊಳ್ಳುತ್ತಿದ್ದೆವು. ಅವನು ತಾಯಿಯ ಫೋನಿನಲ್ಲಿ, ಎಂದೂ ಮುಖ ನೋಡದ ಮಾರಾಟಗಾರನಿಂದ ಕೊಳ್ಳುತ್ತಾನೆ. ಕಳೆದ ಈದ್‌ನಲ್ಲಿ ಸಿಕ್ಕಿದ ಈದಿಯಲ್ಲಿ ಆರುನೂರು ರೂಪಾಯಿ ತೆಗೆದು ಒಂದು ಹಳೆಯ ಕಾರ್ಡು ತರಿಸಿದ. ‘ಹೊಸದರಂತಿದೆ’ ಎಂದು ಮಾರಾಟಗಾರ ಬರೆದಿದ್ದ. ಫೋಟೋದಲ್ಲಿ ಅದು ಫಳಫಳ ಹೊಳೆಯುತ್ತಿತ್ತು.

ಪೊಟ್ಟಣ ಬಂದ ದಿನ ನಾನು ಅಲ್ಲಿದ್ದೆ. ಹುಡುಗ ಕೈ ತೊಳೆದು ಒರೆಸಿಕೊಂಡು, ಅಂಚು ಮಾತ್ರ ಹಿಡಿದು ಕಾರ್ಡನ್ನು ಹೊರತೆಗೆದ. ಎರಡು ಮೂಲೆಗಳಲ್ಲಿ ಬಣ್ಣ ಹೋಗಿ ಬಿಳಿಯಾಗಿತ್ತು. ಕಿಟಕಿಯ ಬೆಳಕಿಗೆ ಓರೆ ಮಾಡಿದಾಗ ಆಟಗಾರನ ಭುಜದಿಂದ ಕೆಳಗಿನವರೆಗೆ ಕೂದಲೆಳೆಯಂಥ ಒಂದು ಮಡಿಕೆ ಕಂಡಿತು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ:

“ಪರವಾಗಿಲ್ಲ ಮಾಮೂ. ಅವನು ಹಾಕಿದ್ದ ಫೋಟೋ ನನ್ನ ಹತ್ತಿರ ಇದೆ. ಅದನ್ನೇ ಹಾಕಿ, ಅವನು ಬರೆದದ್ದನ್ನೇ ಬರೆದು ನಾನೂ ಮಾರಿಬಿಡ್ತೀನಿ. ನಾನೇ ಸುಳ್ಳು ಹೇಳಿದ ಹಾಗಾಗಲ್ಲ ಅಲ್ವಾ?”

ಪ್ರಿಯ ಓದುಗರೇ, ಇದನ್ನು ಹುಡುಗು ಮಾತೆಂದು ನಗಬೇಡಿ. ಹಳೆಯ ಸ್ಕೂಟರನ್ನು ಮಾರುವಾಗ, ಕೆಚ್ಚಲು ಬಾವಿನ ಹಸುವನ್ನು ಸಂತೆಗೆ ಹೊಡೆಯುವಾಗ, ಮಳೆಗಾಲದಲ್ಲಿ ಸೋರುವ ಮನೆಯನ್ನು ಬೇಸಗೆಯಲ್ಲಿ ಬಾಡಿಗೆಗೆ ತೋರಿಸುವಾಗ ನಮ್ಮ ಮನಸ್ಸು ಹೇಳುವುದೂ ಇದನ್ನೇ. ನನಗೂ ಹೀಗೆಯೇ ಬಂತು, ನಾನು ಮುಂದಕ್ಕೆ ದಾಟಿಸಿದೆ, ಅಷ್ಟೇ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಇಂಥ ಕಾರ್ಡಿನ ವ್ಯವಹಾರವನ್ನು ಸ್ವಲ್ಪ ತಿಳಿದುಕೊಂಡರೆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಕಾರ್ಡಿನ ಬೆಲೆ ಅದು ಎಷ್ಟು ಅಪರೂಪದ್ದು ಎಂಬುದರ ಮೇಲೆ ಎಷ್ಟು ನಿಂತಿದೆಯೋ ಅದರ ಸ್ಥಿತಿಯ ಮೇಲೂ ಅಷ್ಟೇ ನಿಂತಿದೆ. ಬಲ್ಲವರು ಮೂಲೆಗಳನ್ನು, ಅಂಚುಗಳನ್ನು, ಮೇಲ್ಮೈಯನ್ನು ನೋಡುತ್ತಾರೆ. ಚಿತ್ರ ನಟ್ಟನಡುವೆ ಕುಳಿತಿದೆಯೇ ಅಥವಾ ಒಂದು ಪಕ್ಕಕ್ಕೆ ಜರುಗಿದೆಯೇ ಎಂದು ಎಡಬಲದ ಅಂಚಿನ ಅಗಲವನ್ನು ಹೋಲಿಸುತ್ತಾರೆ. ಮೂಲೆ ಸವೆದರೆ ಒಳಗಿನ ಬಿಳಿ ಕಾಗದ ಇಣುಕುತ್ತದೆ. ಹಿಂಬದಿ ಗಾಢ ಬಣ್ಣದ್ದಾದರೆ ಅದು ಬೇಗ ಕಣ್ಣಿಗೆ ಬೀಳುತ್ತದೆ. ಗೀರುಗಳೂ ಮಡಿಕೆಗಳೂ ನೇರ ನೋಟಕ್ಕೆ ಸಿಗುವುದಿಲ್ಲ, ಓರೆ ಬೆಳಕು ಬೇಕು. ಬಾಗಿದ್ದರೆ ಗಾಜಿನ ಮೇಲಿಟ್ಟಾಗ ತಿಳಿಯುತ್ತದೆ. ಸವೆದ ಅಂಚನ್ನು ಯಾರಾದರೂ ಕತ್ತರಿಸಿ ಹೊಸದು ಮಾಡಿದ್ದರೆ, ಅದೇ ಸರಣಿಯ ಇನ್ನೊಂದು ಕಾರ್ಡಿನ ಮೇಲಿಟ್ಟಾಗ ಎಳೆಯಷ್ಟು ಕಿರಿದಾಗಿರುವುದು ಗೊತ್ತಾಗುತ್ತದೆ.

ಈ ಪರೀಕ್ಷೆಗಳಿಗೆಲ್ಲ ಕಾರ್ಡು ಕೈಯಲ್ಲಿರಬೇಕು. ಮೇಲಿನಿಂದ ಬೆಳಕು ಬಿಟ್ಟು, ಮುಂಭಾಗವನ್ನು ಮಾತ್ರ, ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟೇ ತೆಗೆದ ಒಂದು ಫೋಟೋದಲ್ಲಿ ಇವು ಯಾವುವೂ ಸಾಧ್ಯವಿಲ್ಲ. ಕೊಳ್ಳುವವನಿಗೆ ಉಳಿಯುವುದು ಮಾರುವವನ ಮಾತೊಂದೇ. ಆ ಮಾತಿಗೂ ಅವರಲ್ಲಿ ಶ್ರೇಣಿಗಳಿವೆ: ‘ಮಿಂಟ್’, ‘ನಿಯರ್ ಮಿಂಟ್’, ಹೀಗೆ ಇಳಿಯುತ್ತಾ ಹೋಗುತ್ತವೆ. ಮಿಂಟ್ ಎಂದರೆ ಟಂಕಸಾಲೆ. ಟಂಕಸಾಲೆಯಿಂದ ಈಗ ತಾನೇ ಬಂದ ನಾಣ್ಯದಷ್ಟು ಹೊಸದು ಎಂಬರ್ಥದಲ್ಲಿ ಆ ಪದ ಕಾರ್ಡಿಗೂ ಬಂದಿದೆ. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಎಂಬವರು ಹಳೆಯ ತಾಮ್ರದ ನಾಣ್ಯಗಳಿಗೆ ಎಪ್ಪತ್ತು ಅಂಕಗಳ ಅಳತೆಯೊಂದನ್ನು ಮಾಡಿದರು. 1991ರಲ್ಲಿ ಅದೇ ದೇಶದಲ್ಲಿ ಪಿ.ಎಸ್.ಎ. ಎಂಬ ಸಂಸ್ಥೆ ಕಾರ್ಡುಗಳನ್ನು ಪರೀಕ್ಷಿಸಿ, ಹತ್ತರಲ್ಲಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುವ ಕೆಲಸ ಆರಂಭಿಸಿತು.

ನಾಣ್ಯದ ಮಾತು ಬಂದಾಗ ನಮ್ಮ ಜಿಲ್ಲೆಯದೇ ಒಂದು ಸಂಗತಿ ನೆನಪಾಗುತ್ತದೆ. ಹೈದರಲಿ ಹುಟ್ಟಿದ ಬೂದಿಕೋಟೆ ಇಲ್ಲಿಯದೇ. ಅವರ ಮಗ ಟಿಪ್ಪು ಸುಲ್ತಾನರು ಹೊರಡಿಸಿದ, ಆನೆಯ ಚಿತ್ರವಿರುವ ತಾಮ್ರದ ಕಾಸುಗಳು ಇಂದಿಗೂ ಕೆಲವರ ಮನೆಗಳಲ್ಲಿವೆ. ಮಾರುವ ಆಸೆ ಹುಟ್ಟಿದ ಕೂಡಲೇ ಜನ ಮಾಡುವ ಮೊದಲ ಕೆಲಸ, ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕುವುದು! ಕಾಸು ಕೆಂಪಗೆ ಹೊಳೆಯುತ್ತದೆ, ಬಲ್ಲವರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ. ಶತಮಾನಗಳಲ್ಲಿ ಅದರ ಮೇಲೆ ಕೂತ ಕಂದು ಪದರವೇ ಅದರ ಸಾಕ್ಷಿ. ತಿಳಿಯದೆ ತಿಕ್ಕಿದವನು ತನಗೆ ತಾನೇ ನಷ್ಟ ಮಾಡಿಕೊಂಡ. ತಿಕ್ಕಿದ್ದನ್ನು ಮುಚ್ಚಿಟ್ಟು ‘ಮೊದಲಿನಿಂದಲೂ ಹೀಗೆಯೇ ಇದೆ’ ಎಂದು ಮಾರಿದವನ ವಿಷಯ ಬೇರೆ.

ಆ ‘ಬೇರೆ’ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಕಾರ್ಡಿನ ಕಥೆಯೇ ಇದೆ. 1909ರಿಂದ 1911ರವರೆಗೆ ಅಮೆರಿಕದ ಒಂದು ತಂಬಾಕು ಕಂಪನಿ ಸಿಗರೇಟು ಪ್ಯಾಕೆಟ್ಟಿನೊಳಗೆ ಬೇಸ್‌ಬಾಲ್ ಆಟಗಾರರ ಕಾರ್ಡುಗಳನ್ನಿಟ್ಟು ಹಂಚುತ್ತಿತ್ತು. ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು ಬಹಳ ಕಡಿಮೆ ಹೊರಬಂದಿತು. ಅದಕ್ಕಾಗಿ ಮಕ್ಕಳು ತಂಬಾಕು ಕೊಳ್ಳುವುದು ಅವನಿಗೆ ಇಷ್ಟವಿರಲಿಲ್ಲ, ಆದ್ದರಿಂದ ನಿಲ್ಲಿಸಿದ ಎಂದು ಹೇಳುವವರೂ ಉಂಟು. ಅಂಥ ಒಂದು ಕಾರ್ಡು 1991ರಲ್ಲಿ 4,51,000 ಡಾಲರಿಗೆ ಹರಾಜಾಯಿತು. ಪರೀಕ್ಷಕರು ಅದಕ್ಕೆ ಹತ್ತರಲ್ಲಿ ಎಂಟು ಅಂಕ ಕೊಟ್ಟರು. 2007ರಲ್ಲಿ ಅದರ ಬೆಲೆ 28 ಲಕ್ಷ ಡಾಲರಿಗೆ ಏರಿತು. 2013ರಲ್ಲಿ, ಅದನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೋ ಎಂಬ ಹರಾಜುದಾರ, ಅಂಚು ಚೂಪಾಗಿ ಕಾಣಲೆಂದು ತಾನೇ ಕಾರ್ಡನ್ನು ಕತ್ತರಿಸಿದ್ದಾಗಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಕೈಯಿಂದ ಕೈಗೆ ದಾಟಿತು. ನಡುವೆ ಕೊಂಡು ಮಾರಿದವರೆಲ್ಲರೂ, ನನ್ನ ತಂಗಿಯ ಮಗನ ಮಾತಿನಲ್ಲಿ ಹೇಳುವುದಾದರೆ, ತಾವೇ ಸುಳ್ಳು ಹೇಳಿದವರಲ್ಲ. ಅವರಿಗೆ ಕೊರತೆ ಗೊತ್ತಿರಲಿಲ್ಲವಾದರೆ ಅವರ ಮೇಲೆ ದೋಷವೂ ಇಲ್ಲ. ಹುಡುಗನಿಗಾದರೋ ಗೊತ್ತಾಗಿದೆ.

ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯನ್ನು ನೋಡದವರು ನಮ್ಮ ಸೀಮೆಯಲ್ಲಿ ಕಡಿಮೆ. ಹದಿನೈದು ಕಿಲೋ ಹಿಡಿಯುವ ಬಾಕ್ಸ್‌ಗಳಲ್ಲಿ ಟೊಮೆಟೊ ಬೆಟ್ಟದಂತೆ ಪೇರಿಸಿರುತ್ತಾರೆ. ಬಾಕ್ಸಿನ ಮೇಲೆ ಒಂದೇ ಗಾತ್ರದ, ಒಂದೇ ಕೆಂಪಿನ, ಗಟ್ಟಿ ಹಣ್ಣು. ಅಡಿಯಲ್ಲಿ ಏನಿದೆ? ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಬಹಳ ವರ್ಷ ಲೆಕ್ಕ ಬರೆಯುತ್ತಿದ್ದ ನನ್ನ ಅಬ್ಬಾ, ಬಾಕ್ಸ್ ಬಂದ ಕೂಡಲೇ ಮೇಲಿನ ಬಾದಾಮಿ ಹಣ್ಣನ್ನು ಹೊಗಳುವವರ ಕಡೆ ನೋಡುತ್ತಲೇ ಇರಲಿಲ್ಲ. ಅದನ್ನು ನೆಲದ ಗೋಣಿಯ ಮೇಲೆ ಬೋರಲು ಹಾಕುತ್ತಿದ್ದರು. ಕೆಲವು ರೈತರಿಗೆ ಅದರಿಂದ ಸಿಟ್ಟು ಬರುತ್ತಿತ್ತು. ಮೇಲೂ ಕೆಳಗೂ ಒಂದೇ ಹಣ್ಣು ತುಂಬಿ ತಂದವರು ಮಾತ್ರ ಬೀಡಿ ಹಚ್ಚಿಕೊಂಡು ಸುಮ್ಮನೆ ನಿಂತಿರುತ್ತಿದ್ದರು.

ಪ್ರವಾದಿ ಮುಹಮ್ಮದ್(ಸ)ರು ಮದೀನದ ಪೇಟೆಯಲ್ಲಿ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿರುವ ಆ ಘಟನೆ ನಿಮಗೆ ಗೊತ್ತಿರಬಹುದು. ಅವರು ಒಂದು ಧಾನ್ಯದ ರಾಶಿಯ ಬಳಿ ನಿಂತು ಅದರೊಳಗೆ ಕೈ ಇಳಿಸಿದರು. ಬೆರಳುಗಳಿಗೆ ತೇವ ತಗುಲಿತು. ಇದೇನೆಂದು ವ್ಯಾಪಾರಿಯನ್ನು ಕೇಳಿದಾಗ ಮಳೆಯಲ್ಲಿ ನೆನೆಯಿತೆಂದು ಅವನು ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ನೆಂದದ್ದನ್ನು ಮೇಲೆ ಏಕೆ ಇಡಲಿಲ್ಲವೆಂದು ಪ್ರವಾದಿ(ಸ)ರು ಪ್ರಶ್ನಿಸಿ, ವಂಚಿಸುವವನು ತಮ್ಮವನಲ್ಲವೆಂದರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಆ ವ್ಯಾಪಾರಿ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ಕೇಳಿದ ಕೂಡಲೇ ನಿಜ ಹೇಳಿದ. ಮಳೆ ಸುರಿಸಿದ್ದೂ ಅವನಲ್ಲ. ಒಣಗಿದ್ದು ಮೇಲೆ, ನೆಂದದ್ದು ಕೆಳಗೆ ಇದ್ದುದನ್ನು ಹಾಗೆಯೇ ಬಿಟ್ಟದ್ದೇ ಅವನ ತಪ್ಪು. ನೆಂದ ಧಾನ್ಯವನ್ನು ಮಾರಬೇಡವೆಂದು ಪ್ರವಾದಿ(ಸ)ರು ಹೇಳಲಿಲ್ಲ, ಅದನ್ನು ಮೇಲಿಡು ಎಂದರು.

ಫೋಟೋ ಎಂಬುದು ರಾಶಿಯ ಮೇಲಿನ ಪದರ. ಫೋನಿನ ಮುಂದೆ ಕುಳಿತು ಕೊಳ್ಳುವವನಿಗೆ ರಾಶಿಯೊಳಗೆ ಇಳಿಸಲು ಕೈಯಿಲ್ಲ. ಪೇಟೆಯಲ್ಲಾದರೆ ಕೊಳ್ಳುವವನಿಗೂ ಕಣ್ಣಿದೆ, ನೋಡಿಕೊಳ್ಳಲಿ ಎನ್ನಬಹುದಿತ್ತೇನೋ. ಇಲ್ಲಿ ಅವನು ನೋಡುತ್ತಿರುವುದೇ ಮಾರುವವನ ಕಣ್ಣಿನಿಂದ. ತನ್ನ ಕಣ್ಣನ್ನು ಅವನಿಗೆ ಅಮಾನತ್ತಾಗಿ ಕೊಟ್ಟಿದ್ದಾನೆ. ಮಾರುವವನು ಅದನ್ನು ಎಲ್ಲಿಗೆ ತಿರುಗಿಸುತ್ತಾನೋ ಅಷ್ಟೇ ಅವನಿಗೆ ಕಾಣುತ್ತದೆ. ಹೀಗಿರುವಾಗ ಮಾರುವವನ ಮೌನ ಬರಿಯ ಮೌನವಾಗಿ ಉಳಿಯುವುದಿಲ್ಲ. ಮಡಿಕೆ ಕಾಣದ ಹಾಗೆ ಬೆಳಕು ಹೊಂದಿಸಿದವನು ಬಾಯಿ ತೆರೆಯದೆಯೇ ‘ಮಡಿಕೆ ಇಲ್ಲ’ ಎಂದು ಹೇಳಿದಂತಾಯಿತು.

ಇದಕ್ಕೆ ಹತ್ತಿರದ ಇನ್ನೊಂದು ಉದಾಹರಣೆ ದನದ ಸಂತೆಯದು. ಮುಳಬಾಗಿಲು ತಾಲೂಕಿನ ಆವಣಿಯ ದನಗಳ ಜಾತ್ರೆಗೆ ಹೋದವರಿಗೆ ಹಲ್ಲು ನೋಡುವುದು, ಸುಳಿ ನೋಡುವುದು, ನಡೆಸಿ ನೋಡುವುದು ಗೊತ್ತು. ಆದರೆ ಎರಡು ಹೊತ್ತು ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿಸಿ ಹಿಡಿದುಕೊಂಡು ಬಂದ ಹಸುವನ್ನು ನೋಡಿದರೆ ಜಾಣನೂ ಮೋಸಹೋಗುತ್ತಾನೆ. ಅರಬರೂ ಒಂಟೆ, ಆಡುಗಳಿಗೆ ಇದನ್ನು ಮಾಡುತ್ತಿದ್ದರು. ಪ್ರವಾದಿ(ಸ)ರು ಅದನ್ನು ತಡೆದರು. ಹಾಗೆ ಮೋಸಹೋದವನು ಹಾಲು ಕರೆದು ನೋಡಿದ ಮೇಲೆ ಇಷ್ಟವಿದ್ದರೆ ಇಟ್ಟುಕೊಳ್ಳಬಹುದು, ಇಲ್ಲವಾದರೆ ಒಂದು ಸಾಅ್ ಖರ್ಜೂರದೊಂದಿಗೆ ಹಿಂದಿರುಗಿಸಬಹುದು ಎಂದು ಬುಖಾರಿ, ಮುಸ್ಲಿಮ್‌ಗಳಲ್ಲಿ ಬಂದಿದೆ. ಇದರ ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ನನ್ನ ಮನಸ್ಸನ್ನು ಹಿಡಿದದ್ದು ಆ ಖರ್ಜೂರ. ಮೋಸ ಹೋದವನೂ ಕರೆದುಕೊಂಡ ಹಾಲಿಗೆ ಬದಲು ಕೊಡಬೇಕು! ಮದುವೆಗೆ ಉಟ್ಟು ಮರುದಿನ ‘ಅಳತೆ ಸರಿಯಿಲ್ಲ’ವೆಂದು ಸೀರೆಯನ್ನು ಹಿಂದಕ್ಕೆ ಕಳುಹಿಸುವ ನಮ್ಮ ಮನೆಯವರು ಇದನ್ನು ಯೋಚಿಸಬೇಕು.

ಹಾಗಾದರೆ ಪ್ರತಿಯೊಂದು ಗೀರನ್ನೂ ಹೇಳುತ್ತಾ ಕೂರಬೇಕೇ? ಎಲ್ಲಿಯವರೆಗೆ? ಇದು ನಿಜವಾದ ಪ್ರಶ್ನೆ. ಆಡಲು ಕೊಳ್ಳುವ ಮಗುವಿಗೆ ಮೂಲೆ ಸವೆದರೆ ಏನೂ ಅಲ್ಲ. ಕೂಡಿಡುವವನಿಗೆ ಅದೇ ಎಲ್ಲ. ಉತ್ತರದ ದಾರಿಯನ್ನು ಸಹಾಬಿ ವಾಸಿಲಾ ಬಿನ್ ಅಸ್ಕಅ್(ರ)ರ ಒಂದು ಘಟನೆ ತೋರಿಸುತ್ತದೆ. ಒಬ್ಬ ಒಂಟೆಯೊಂದನ್ನು ಕೊಂಡು ಹೊರಟಿದ್ದ. ವಾಸಿಲಾ(ರ)ರು ಅವಸರದಿಂದ ಅವನ ಹಿಂದೆ ಹೋಗಿ ನಿಲ್ಲಿಸಿ, ಇದರ ಕೊರತೆಯನ್ನು ಹೇಳಿದರೇ ಎಂದು ವಿಚಾರಿಸಿದರು. ಏನು ಕೊರತೆ, ಕೊಬ್ಬಿ ಚೆನ್ನಾಗಿದೆಯಲ್ಲ ಎಂದ ಅವನು. ಇದನ್ನು ಮಾಂಸಕ್ಕಾಗಿ ಕೊಂಡೆಯೋ ಪ್ರಯಾಣಕ್ಕಾಗಿಯೋ ಎಂದು ಅವರು ಕೇಳಿದರು. ಹಜ್ಜ್ ಪ್ರಯಾಣಕ್ಕೆ ಎಂದಾಗ, ಅದರ ಪಾದದಲ್ಲಿ ತೂತಿದೆ ಎಂದು ತಿಳಿಸಿದರು. ನನ್ನ ವ್ಯಾಪಾರ ಕೆಡಿಸಿದಿರಲ್ಲ ಎಂದು ಮಾರಿದವನು ಆಕ್ಷೇಪಿಸಿದ. ಕೊರತೆಯನ್ನು ಮಾರುವವನೂ ತಿಳಿಸಬೇಕು, ಅದನ್ನು ಬಲ್ಲ ಮೂರನೆಯವನೂ ತಿಳಿಸಬೇಕು ಎಂದು ಪ್ರವಾದಿ(ಸ)ರಿಂದ ಕೇಳಿದ್ದಾಗಿ ಅವರು ಉತ್ತರಿಸಿದರು.

ಮಾಂಸಕ್ಕೆ ಕೊಂಡಿದ್ದರೆ ಪಾದದ ತೂತು ಕೊರತೆಯೇ ಅಲ್ಲ. ದೂರದ ದಾರಿಗಾದರೆ ಅದೇ ದೊಡ್ಡ ಕೊರತೆ. ಅಂದರೆ ವಸ್ತುವನ್ನು ಮಾತ್ರ ನೋಡಿ ಸ್ಥಿತಿಯನ್ನು ಹೇಳಲಾಗುವುದಿಲ್ಲ, ಕೊಳ್ಳುವವನ ಉದ್ದೇಶವನ್ನೂ ನೋಡಬೇಕು. ಅವನಿಗೆ ಗೊತ್ತಾದರೆ ಕೊಳ್ಳುತ್ತಿರಲಿಲ್ಲ ಅಥವಾ ಈ ಬೆಲೆ ಕೊಡುತ್ತಿರಲಿಲ್ಲ ಎಂದು ನಿಮ್ಮ ಮನಸ್ಸಿಗೆ ತೋರುವ ಸಂಗತಿಯೇ ನೀವು ಹೇಳಬೇಕಾದ ಸಂಗತಿ. ಅದನ್ನು ಕಂಡುಹಿಡಿಯಲು ದೊಡ್ಡ ಪಾಂಡಿತ್ಯ ಬೇಡ. ಫೋಟೋ ತೆಗೆಯುವಾಗ ನಿಮ್ಮ ಕೈ ತಾನಾಗಿಯೇ ಯಾವ ಮೂಲೆಯನ್ನು ತಪ್ಪಿಸುತ್ತದೆ ನೋಡಿಕೊಂಡರೆ ಸಾಕು.

ಕಾಣದ ವಸ್ತುವನ್ನು ಕೊಳ್ಳುವ ಬಗ್ಗೆ ಫಿಕ್‌ಹ್‌ನಲ್ಲಿ ವಿಸ್ತಾರವಾದ ಚರ್ಚೆಯಿದೆ. ನಮ್ಮ ಕೋಲಾರದ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಮದ್‌ಹಬ್‌ನಲ್ಲಿ, ನೋಡದೆ ಕೊಂಡವನಿಗೆ ನೋಡಿದ ಮೇಲೆ ಬೇಡವೆನ್ನುವ ಹಕ್ಕಿದೆ. ಕರಾವಳಿಯ ನಮ್ಮ ಸಹೋದರರು ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ ಇನ್ನೂ ಬಿಗಿಯಾದುದು. ನಿರ್ದಿಷ್ಟ ವಸ್ತುವನ್ನು ಕಾಣದೆ ಕೊಳ್ಳುವುದೇ ಅಲ್ಲಿ ಸಿಂಧುವಲ್ಲ. ಫೋಟೋವನ್ನು ‘ಕಾಣುವುದು’ ಎಂದು ಎಣಿಸಬಹುದೇ, ಎಷ್ಟರಮಟ್ಟಿಗೆ ಎಂಬುದನ್ನು ನಿಮ್ಮ ಊರಿನ ಆಲಿಮರಲ್ಲಿ ಕೇಳಿ ತಿಳಿಯಿರಿ.

ದೇಶದ ಕಾನೂನೂ ಈ ದಿಕ್ಕಿಗೆ ನಡೆದು ಬಂದಿದೆ. 1930ರ ಸರಕು ಮಾರಾಟ ಕಾಯ್ದೆಯ ಹದಿನಾರನೆಯ ಕಲಮಿನಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಗುಣಮಟ್ಟದ ಹೊಣೆ ಕೊಳ್ಳುವವನದೇ. ವರ್ಣನೆಯ ಮೇಲೆ ಮಾರಿದರೆ ವಸ್ತು ವರ್ಣನೆಗೆ ಹೊಂದಬೇಕೆಂದು ಅದರ ಹಿಂದಿನ ಕಲಮು ಹೇಳುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದಂತಿಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ. ದೂರು ಹೇಳಲು 1915 ಎಂಬ ಸಹಾಯವಾಣಿಯಿದೆ, ಜಿಲ್ಲಾ ಗ್ರಾಹಕ ಆಯೋಗವಿದೆ. ಆದರೆ ಆ ನಿಯಮಗಳು ವ್ಯಾಪಾರವಾಗಿ ಮಾರುವವರಿಗೆ ಮಾತ್ರ. ಮನೆಯಲ್ಲಿದ್ದ ಒಂದು ಹಳೆಯ ವಸ್ತುವನ್ನು ಎಂದೋ ಒಮ್ಮೆ ಮಾರುವ ಸಾಮಾನ್ಯ ಮನುಷ್ಯನಿಗೆ ಅವು ಅನ್ವಯಿಸುವುದಿಲ್ಲ. ನನ್ನ ತಂಗಿಯ ಮಗ ಆ ಫೋಟೋ ಹಾಕಿ ಕಾರ್ಡು ಮಾರಿದರೆ ಯಾವ ಅಧಿಕಾರಿಯೂ ಮಾಲೂರಿನ ಆ ಮನೆಯ ಬಾಗಿಲು ತಟ್ಟುವುದಿಲ್ಲ. ಅದನ್ನು ಬಲ್ಲವರು ಇಬ್ಬರೇ, ಅವನು ಮತ್ತು ಅವನ ಸೃಷ್ಟಿಕರ್ತ. ಈಗ ನಾನೂ ಸೇರಿದರೆ, ವಾಸಿಲಾ(ರ)ರ ಹದೀಸಿನ ಮೂರನೆಯವನು.

ಕೊಳ್ಳುವವನ ಮೇಲೂ ಹೊಣೆಯಿದೆ ಎಂಬುದನ್ನು ನಾವು ಬೇಗ ಮರೆಯುತ್ತೇವೆ. ಬೆಲೆ ತಿಳಿಯದ ವಿಧವೆಯೊಬ್ಬಳ ಪೆಟ್ಟಿಗೆಯಲ್ಲಿ ಆನೆ ಕಾಸನ್ನು ಕಂಡು, ‘ತಾಮ್ರದ ತೂಕಕ್ಕೆ ಕೊಡಿ’ ಎನ್ನುವವನು ಜಾಣ ವ್ಯಾಪಾರಿಯೇ? ಜರೀರ್ ಬಿನ್ ಅಬ್ದುಲ್ಲಾ(ರ)ರಿಗಾಗಿ ಅವರ ಸೇವಕ ಮುನ್ನೂರು ದಿರ್ಹಮಿಗೆ ಕುದುರೆಯೊಂದನ್ನು ಗೊತ್ತುಮಾಡಿಕೊಂಡು ಬಂದಾಗ, ಅವರು ಕುದುರೆಯನ್ನು ನೋಡಿ, ಇದು ಇನ್ನೂ ಹೆಚ್ಚು ಬಾಳುತ್ತದೆ ಎಂದು ಮಾರುವವನಿಗೆ ತಾವೇ ಹೇಳಿ, ನೂರು ನೂರಾಗಿ ಏರಿಸುತ್ತಾ ಎಂಟುನೂರು ಕೊಟ್ಟರೆಂದು ವರದಿಯಿದೆ. ನಮ್ಮಲ್ಲಿ ಎಷ್ಟು ಜನರಿಂದ ಇದಾಗುತ್ತದೆಯೋ! ನನ್ನಿಂದ ಆಗುತ್ತಿತ್ತೆಂದು ನಾನು ಹೇಳಲಾರೆ. ಪೇಟೆಗೆ ಬರುವ ಮೊದಲೇ ದಾರಿಯಲ್ಲಿ ಹಳ್ಳಿಗರನ್ನು ತಡೆದು, ಪೇಟೆಯ ಧಾರಣೆ ತಿಳಿಯದ ಅವರಿಂದ ಸರಕು ಕೊಳ್ಳುವುದನ್ನು ಪ್ರವಾದಿ(ಸ)ರು ನಿಷೇಧಿಸಿದ್ದರಂತೂ ನಿಜ.

ಎರಡು ಮಾತುಗಳನ್ನು ಇಲ್ಲೇ ಹೇಳಿ ಮುಂದುವರಿಯುತ್ತೇನೆ. ಒಳಗೆ ಯಾವ ಕಾರ್ಡಿದೆಯೆಂದು ತಿಳಿಯದೆ, ಅಪರೂಪದ್ದು ಸಿಕ್ಕೀತೆಂಬ ಆಸೆಯಿಂದ ಮಕ್ಕಳು ಮುಚ್ಚಿದ ಪೊಟ್ಟಣಗಳನ್ನು ಒಂದರ ಮೇಲೊಂದು ಹರಿಯುತ್ತಾ ಹೋಗುವುದು ಜೂಜಿನ ಹೊಸ್ತಿಲು. 2001ರಲ್ಲಿ ಸೌದಿ ಅರೇಬಿಯದ ಗ್ರ್ಯಾಂಡ್ ಮುಫ್ತಿಯವರು ಪೋಕೆಮಾನ್ ಕಾರ್ಡುಗಳ ವಿರುದ್ಧ ಫತ್ವಾ ಕೊಟ್ಟಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು. ಮತ್ತೊಂದು, ನಮ್ಮದೇ ಮನೆಗಳ ವಿಷಯ. 786 ಸಂಖ್ಯೆಯಿರುವ ನೋಟಿಗೆ ಸಾವಿರಾರು ರೂಪಾಯಿ ಸಿಗುತ್ತದೆಂಬ ಜಾಹೀರಾತು ನೋಡಿ ಪರ್ಸು ತಡಕುವವರು ನಮ್ಮಲ್ಲಿ ಬಹಳ. ಮುದ್ರಣದ ಕ್ರಮದಲ್ಲಿ ಬಂದ ಅಂಕಿಯಿಂದ ನೋಟಿಗೆ ಬರಕತ್ ಬರುವುದಿಲ್ಲ. ಹಳೆಯ ನೋಟು, ನಾಣ್ಯ ಕೊಳ್ಳುವ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವ ವಂಚಕರು ತನ್ನ ಹೆಸರು ಬಳಸುತ್ತಿದ್ದಾರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಎಚ್ಚರಿಸಿಯೂ ಇದೆ.

ಇನ್ನು ಹುಡುಗನ ವಿಷಯ. ಮೊದಲು ಮಾರಾಟಗಾರನಿಗೇ ಬರೆ ಎಂದೆ. ಬರೆದ. ಹಳೆಯ ಕಾರ್ಡು ಎಂದ ಮೇಲೆ ಹೀಗೆಯೇ ಇರುತ್ತದೆ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಆರುನೂರು ರೂಪಾಯಿ ಹೋಯಿತೆಂದೇ ಲೆಕ್ಕ. ತಂಗಿಗೆ ಬೇಸರ. “ಮಗು ಎಷ್ಟು ದಿನ ಕೂಡಿಟ್ಟ ದುಡ್ಡು ಭಾಯಿ, ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಉಪದೇಶ ಬೇಕಾ?” ಎಂದಳು. ಅವಳ ಮಾತಿನಲ್ಲೂ ನ್ಯಾಯವಿತ್ತು. ಮೋಸ ಮಾಡಿದವನು ಎಲ್ಲೋ ಹಾಯಾಗಿದ್ದಾನೆ, ನಷ್ಟ ಹೊತ್ತು ಸುಮ್ಮನಿರು ಎಂದು ನಾವು ಹೇಳುತ್ತಿರುವುದು ಮೋಸಹೋದವನಿಗೆ. ಇದಕ್ಕೆ ನನ್ನಲ್ಲಿ ಸಲೀಸಾದ ಉತ್ತರವಿರಲಿಲ್ಲ. ನೆಂದ ಧಾನ್ಯದ ಮತ್ತು ಒಂಟೆಯ ಕಥೆಗಳನ್ನು ಹುಡುಗನಿಗೆ ಹೇಳಿ, ನೀನೇ ತೀರ್ಮಾನ ಮಾಡು ಎಂದು ಬಿಟ್ಟೆ.

ಸಂಜೆ ಅವನು ಕಿಟಕಿಯ ಹತ್ತಿರ ಕುಳಿತು ಐದು ಫೋಟೋ ತೆಗೆದ. ಹೊದಿಕೆ ತೆಗೆದು ಮುಂಭಾಗ, ಹಿಂಭಾಗ, ಎರಡು ಮೂಲೆಗಳು, ಕೊನೆಯದು ಓರೆ ಬೆಳಕಿನಲ್ಲಿ ಮಡಿಕೆ. ಕೆಳಗೆ ಬರೆದದ್ದನ್ನು ನನಗೆ ಓದಿ ಹೇಳಿದ: ‘ಮೇಲಿನ ಎರಡು ಮೂಲೆ ಬಿಳಿಯಾಗಿವೆ. ಭುಜದ ಹತ್ತಿರ ಮಡಿಕೆ ಇದೆ, ನೇರ ನೋಡಿದರೆ ಕಾಣಲ್ಲ, ಐದನೇ ಫೋಟೋ ನೋಡಿ.’ ಬೆಲೆ ಇನ್ನೂರೈವತ್ತು.

ಹದಿನೈದು ದಿನಗಳಾದವು. ಇಬ್ಬರು ವಿಚಾರಿಸಿದರಂತೆ. ಐದನೇ ಫೋಟೋ ನೋಡಿದ ಮೇಲೆ ಇಬ್ಬರೂ ಮತ್ತೆ ಬರೆಯಲಿಲ್ಲ. ನಾನು ಇದನ್ನು ಬರೆಯುವ ಹೊತ್ತಿಗೆ ಕಾರ್ಡು ಅವನ ಸಮಾಜ ವಿಜ್ಞಾನದ ಪುಸ್ತಕದೊಳಗೇ ಇದೆ.